ಸಾಹೇಬರ ಜರೀಗಿಡ

ಡಿಸೆಂಬರಿನಲ್ಲಿ ರಘೋತ್ತಮನ ತಂಗಿಯ ಮದುವೆ. ವಿಮಾನದ ಟಿಕೆಟ್ಟಾಗಿತ್ತು, ಸೂಟೂ ಹೊಲಿಸಿಯಾಗಿತ್ತು. ರಜೆ ಮಾತ್ರ ಆಗಿರಲಿಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ಮ್ಯಾನೇಜರ್ ಅನಂತಪದ್ಮನಾಭ ಕುಂಡವೊಂದನ್ನು ಎದೆಗವುಚಿಕೊಂಡು ಅಮೆರಿಕದ ಸ್ಯಾನ್ ಮಟಿಯೋದ ಅವನ ಅಪಾರ್ಟ್‌ಮೆಂಟಿಗೆ ಬಂದಾಗ, ಏನು ಎತ್ತ ಎಂದು ಕೇಳದೆ ಕೈಯೊಡ್ಡಿದ.

"ಹವಾಯಿ ಬೆಟ್ಟದ ಕಾಡಿನ ಜರೀಗಿಡ ಕಣ್ರೀ, ಫರ್ನ್. ಅಲ್ಲೇ ಈಗ ಬೆರಳೆಣಿಕೆಯಷ್ಟು ಉಳಿದಿವೆ. ಬೊಟಾನಿಕಲ್ ಗಾರ್ಡನ್ನಿನವರು ನನ್ನ ನಂಬಿ ಬೆಳೆಸೋಕೆ ಕೊಟ್ಟಿದಾರೆ. ಮನೇಲಿ ಪೇಂಟಿಂಗು, ಆ ವಾಸನೆ ಇದಕ್ಕಾಗಲ್ಲ. ಸಂಜೆವರೆಗೂ ನೋಡ್ಕೊಳ್ಳಿ. ನಿಮ್ಮ ರಜೆ ವಿಷಯ ಆಮೇಲೆ ಮಾತಾಡೋಣ," ಎಂದು ಸಾಹೇಬರು ಹೊರಟರು.

ರಘೋತ್ತಮ ಗಿಡದೆದುರು ಕುರ್ಚಿ ಹಾಕಿಕೊಂಡೇ ಕೂತ. ಅಷ್ಟರಲ್ಲಿ ಹೆಪ್ಪಿಗೆ ಮೊಸರು ಕೇಳಲು ಪಕ್ಕದ ಮನೆಯ ಗೌರಮ್ಮ ಬಂದರು. ಮಂಡ್ಯದವರು, ಯಾರ ಮನೆಯ ಕಷ್ಟವಾದರೂ ತಮ್ಮದೇ ಎಂದು ಕೈಹಾಕುವ ಜೀವ. ಎಲೆಯೊಂದನ್ನು ಮಗುಚಿ ನೋಡಿ ಹೌಹಾರಿದರು.

"ಅಯ್ಯೋ ಶಿವನೇ! ಹಿಂದ್ಗಡೆ ಪೂರ್ತಿ ಹುಳ ಮೊಟ್ಟೆ ಇಕ್ಬುಟ್ಟದೆ ಕಣಪ್ಪಾ. ಸಂಜೆಗಂಟ ಬುಟ್ರೆ ಗಿಡ ಉಳಿಯಾಕಿಲ್ಲ!"

ನಿಜವೇ, ಎಲೆಯಡಿ ಕಂದು ಚುಕ್ಕಿಗಳ ಸಾಲು. ಇಬ್ಬರೂ ಬೇವಿನೆಣ್ಣೆ, ಹಳೆಯ ಟೂತ್‌ಬ್ರಷ್ಷು ಹಿಡಿದು, ಕೂಸಿಗೆ ಎಣ್ಣೆಸ್ನಾನ ಮಾಡಿಸಿದಂತೆ ಗಿಡವನ್ನು ಸಿಂಕಿನಲ್ಲಿ ತಿಕ್ಕಿ ತೊಳೆದರು.

ಸ್ವಿಮ್ಮಿಂಗ್ ಕ್ಲಾಸು ಮುಗಿಸಿ ಬಂದ ಮಗಳು ಮಾನ್ಯಾ ಬಗ್ಗಿ ನೋಡಿ ಕಿರುಚಿದಳು. "ಅಪ್ಪಾ, ನೋ! ದೋಸ್ ಆರ್ ಸ್ಪೋರ್ಸ್! ಇಟ್ಸ್ ಲೈಕ್... ಬೀಜ!"

ಬೀಜವೆಲ್ಲ ಸಿಂಕಿನಲ್ಲಿ ಇಳಿದು ಹೋಗಿತ್ತು. ಅದರ ಹಿಂದೆಯೇ ರಜೆಯೂ ಹೋದಂತಾಗಿ ರಘೋತ್ತಮನಿಗೆ ಅಳುವೇ ಬಂದುಬಿಟ್ಟಿತು.

"ಅಳಬ್ಯಾಡ, ಸುಮ್ಕಿರು. ಹೋದ ಚುಕ್ಕಿ ತಿರ್ಗಾ ಇಕ್ಕಕ್ಕಾಗಾಕಿಲ್ವಾ?" ಎನ್ನುತ್ತ ಗೌರಮ್ಮ ರಾಗಿಹಿಟ್ಟು ಕಲಸಿದರು. ಕನ್ನಡ ಕೂಟದ ರಂಗೋಲಿ ಸ್ಪರ್ಧೆಯಲ್ಲಿ ಪ್ರತಿವರ್ಷ ಮೊದಲ ಬಹುಮಾನ ಅವರದೇ. ಟೂತ್‌ಪಿಕ್ಕಿನ ತುದಿಯಿಂದ ಎಲೆಯೆಲೆಗೂ ಚುಕ್ಕಿ ಇಟ್ಟು ಮುಗಿಸುವಷ್ಟರಲ್ಲಿ ಕರೆಗಂಟೆ ಹೊಡೆದುಕೊಂಡಿತು.

ಸಾಹೇಬರು ಎಲೆ ಮಗುಚಿದರು. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ಎಲೆಯನ್ನೂ ಮಗುಚಿದರು. ರಘೋತ್ತಮ ಮನೆದೇವರನ್ನು ನೆನೆದ.

"ಏನ್ರೀ ಮಾಡಿದ್ರಿ?" ಸಾಹೇಬರು ಅವನತ್ತ ತಿರುಗಿದರು. "ಬೆಳಿಗ್ಗೆ ಈ ಬೀಜ ಇನ್ನೂ ಎಳೇದಿತ್ತು. ಒಂದೇ ದಿನಕ್ಕೆ ಹೇಗೆ ಬಲಿತಿದೆ! ಎಷ್ಟು ಸಾಲಾಗಿದೆ! ಎಂಥಾ ಕೈಗುಣ ರೀ ನಿಮ್ಮದು!"

ಚುಕ್ಕಿಗಳನ್ನು ಮೆಲ್ಲಗೆ ಕೆರೆದು, ಕಾರಿನಲ್ಲಿದ್ದ ಒದ್ದೆ ಮಣ್ಣಿನ ತಟ್ಟೆ ತಂದು ಅದರ ಮೇಲೆ ಉದುರಿಸಿ, ರಘೋತ್ತಮನ ಕೈಗಿತ್ತರು.

"ದಿನಾ ನೀರು ಚಿಮುಕಿಸಿ. ಬೇರೆಯವರ ಕೈಗೆ ಕೊಡೋಕೆ ನನಗೆ ಧೈರ್ಯ ಇಲ್ಲ. ಮೊಳಕೆ ಒಡೆದ ಮಾರನೇ ದಿನವೇ ಹೊರಡಿ. ಮೂರು ವಾರ ಕೇಳಿದ್ರಲ್ಲ, ನಾಲ್ಕು ಕೊಡ್ತೀನಿ!"

ತಂಗಿಯ ಮದುವೆಯನ್ನು ರಘೋತ್ತಮ ವಿಡಿಯೋ ಕಾಲಿನಲ್ಲೇ ನೋಡಿದ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ನೀರಿನ ಬಾಟಲಿ. ಬೀಸಿದ ರಾಗಿ ಮೊಳೆಯಬೇಕಲ್ಲ!