ರಕ್ತಕ್ಕೆ ಒಡ್ಡು ಕಟ್ಟಿದವನು

ಮಕ್ಕಳೇ, ಗಡಹಿಂಗ್ಲಜದ ನಿಮ್ಮ ಅಜ್ಜ, ಅಂದರೆ ನನ್ನ ತಮ್ಮ, ಭೂಮಿಯ ಮೇಲಿನ ನೀರನ್ನೆಲ್ಲ ಪಳಗಿಸಿ ಮುಗಿಸಿದ್ದಾನೆ. ಉಳಿದದ್ದು ತನ್ನ ಮೈಯೊಳಗಿನ ರಕ್ತ ಒಂದೇ. ಅದಕ್ಕೂ ಕೈ ಹಾಕಿದ! ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಇಳಿಯುವುದರೊಳಗೆ ಬರೆದುಬಿಡುತ್ತೇನೆ.

ಕಬ್ಬಿಗೆ ನೀರು ಹಾಯಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಒಪ್ಪಿದೆ. ಸಣ್ಣವರಿದ್ದಾಗ ಅವನು ಬಾವಿಯ ಹತ್ತಿರ ಕಾಲುವೆಯ ಬಾಯಿ ಬಿಡುತ್ತಿದ್ದ. ನಾನು ಹೊಲದ ಕೊನೆಯಲ್ಲಿ ನಿಲ್ಲುತ್ತಿದ್ದೆ. ಕಬ್ಬಿನ ನಡುವೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. “ಬಂತೇನ ಅಕ್ಕಾ?” ಎಂದು ಅವನು ಕೂಗುವುದು, ಪಾದ ತೊಯ್ದ ಕೂಡಲೇ “ಬಂತೋ!” ಎಂದು ನಾನು ಕೂಗುವುದು. ನನ್ನ ಬಾಯಿಂದ ಜೋರಾಗಿ ಹೊರಡುತ್ತಿದ್ದ ಮಾತು ಅದೊಂದೇ. ಆದರೆ ಎದೆಯೇನು ಕಬ್ಬಿನ ಹೊಲವೇ?

ಹೋದ ವರ್ಷ ಎದೆನೋವು ಬಂದು ಕೊಲ್ಹಾಪುರದಲ್ಲಿ ಅವನಿಗೆ ಸ್ಟೆಂಟ್ ಹಾಕಿದರು. ಡಾಕ್ಟರಮ್ಮ ಚಿತ್ರ ಬರೆದು ತಿಳಿಸಿದಳು. ಸ್ಟೆಂಟ್ ಅಂದರೆ ರಕ್ತನಾಳವನ್ನು ತೆರೆದಿಡುವ ತಂತಿಯ ಜಾಳಿಗೆ. ಅದರ ಮೇಲೆ ನಾಳದ ಒಳಚರ್ಮ ಬೆಳೆದು ಮುಚ್ಚಬೇಕು. ರಕ್ತ ಸರಾಗವಾಗಿ ಹರಿಯುವಲ್ಲಿ ಚೆನ್ನಾಗಿ ಮುಚ್ಚುತ್ತದೆ; ತಿರುವಿನಲ್ಲಿ ಸುಳಿ ತಿರುಗಿ ಮಂದವಾದರೆ ಗಾಯ ಮಾಯುವುದು ತಡ. ಅಲ್ಲಿಯವರೆಗೆ ತಂತಿಗೆ ರಕ್ತ ಹೆಪ್ಪುಗಟ್ಟದಂತೆ ದಿನಾ ಗುಳಿಗೆ. ಇವನದು ತಿರುವಿನಲ್ಲೇ ಇತ್ತು. ಗುಳಿಗೆ ಬಿಟ್ಟರೆ ಜೀವಕ್ಕೇ ಅಪಾಯ, ದಿನಾ ನಡೆಯಬೇಕು ಎಂದಳು.

“ತಿಳೀತ್ರಿ, ಇದು ನಮ್ಮ ಹೊಸಾ ಒಡ್ಡಿನ ಕತಿ!” ಅಂದ ಇವನು.

ಹೊಸ ಒಡ್ಡಿನ ಮೇಲೆ ಕರಿಕೆ ಹುಲ್ಲು ಬೇರು ಬಿಡುವವರೆಗೆ ನೀರನ್ನು ಸಣ್ಣಗೆ ಬಿಡುವುದು ನಮ್ಮ ಕಡೆಯ ಪದ್ಧತಿ. ಅಷ್ಟೇ ಸಾಕಾಯಿತು! ರಕ್ತವನ್ನೂ ಸಣ್ಣಗೆ ಬಿಡಬೇಕೆಂದು ಮಂಚ ಹಿಡಿದ. ನಡೆಯುವುದು ಬಂದ್. ಖಾರ ಬಂದ್. ಟೀವಿಯ ಕುಸ್ತಿ ಬಂದ್. ನೋಡಲು ಬಂದವರು ತಮಾಷೆ ಮಾಡಿದರೆ, “ನಗಸಬ್ಯಾಡ್ರಿ, ಒಡ್ಡ ಒಡೀತೈತಿ!” ಎಂದು ಎಬ್ಬಿಸಿ ಕಳಿಸುತ್ತಿದ್ದ. ಉತ್ತೂರಿನ ಬೀಗರು ಚಹಾ ಕುಡಿಯದೇ ಹೋದರು. ಅವನ ಹೆಂಡತಿ ಫೋನಿನಲ್ಲಿ ಅತ್ತಳು: “ಅಕ್ಕಾರ, ಸೀನಾಕೂ ಹೆದರಾಕತ್ತಾರ್ರೀ!”

ನಾನು ಇಚಲಕರಂಜಿಯಿಂದ ಬಸ್ಸು ಹಿಡಿದು ಹೋದೆ. ಕೈಕಾಲು ತೊಳೆದು ದೇವರ ಮುಂದೆ ಕೂತು ವಿಭೂತಿ ಡಬ್ಬಿ ತೆರೆದರೆ, ಒಳಗೆ ಬೆಳ್ಳನೆಯ ಗುಳಿಗೆಗಳ ರಾಶಿ!

“ಏನೋ ಇದು?”

“ರಕ್ತ ತೆಳು ಮಾಡೂ ಗುಳಿಗಿ ಅಕ್ಕಾ. ರಾಡಿ ನೀರ ಬಿರುಕು ಮುಚ್ಚತೈತಿ, ತೆಳು ನೀರ ಒಡ್ಡಿನ್ಯಾಗಿಂದ ಜಿನಗಿ ಹೋಗತೈತಿ. ಅದಕ್ಕ ಬಿಟ್ಟೇನಿ. ಒಗದಿಲ್ಲ ಮತ್ತ, ದೇವರ ಮುಂದ ಇಟ್ಟೇನಿ!”

ದೇವರಿಗೇನು ಎದೆನೋವು ಬಂದಿತ್ತೇ?

ಬಸ್ಸಿನ ಕಂಡಕ್ಟರನಿಗೂ ತಲೆಯಾಡಿಸಿಯೇ ಉತ್ತರ ಕೊಡುವವಳು ನಾನು. ಅಂದು ಕೂಗಿದೆ. “ನಮ್ಮ ಮನಿಯವರ ಎದಿ ನಿಂತಾಗ ಇಂಥಾದ್ದೊಂದು ಐತಿ ಅಂತ ಹೇಳಾವ್ರೂ ಇರಲಿಲ್ಲ. ನಿನಗ ಹಾಕ್ಯಾರ, ಚಿತ್ರಾ ಬರದು ಹೇಳ್ಯಾರ! ನಮ್ಮ ಕಾಲವಿಯ ಬೇವಿನ ಗಿಡದ ತಿರುವಿನ್ಯಾಗ ನೀರ ಮಂದಾದ್ರ ಏನ ಕೂಡತೈತಿ? ಹೇಳ!”

“ಹೂಳ...”

“ವರ್ಷಾ ಸಲಿಕಿ ಹಿಡದು ತಗ್ಯಾವ ಯಾರು?”

“ನಾನ.”

“ಎದ್ಯಾಗ ಯಾರ ಸಲಿಕಿ ಹಿಡದ ಇಳೀತಾರೋ ಖೋಡಿ?”

ಯಾರು ಕೂಗುತ್ತಿದ್ದಾರೆಂದು ನೆರೆಯವರು ಬಂದರು. ನನ್ನನ್ನು ಕಂಡು, ನಂಬದೇ ಹೋದರು.

ಗಾಡಿ ಮಾಡಿ ಆಗಲೇ ಕೊಲ್ಹಾಪುರಕ್ಕೆ ಹೊರಡಿಸಿದೆ. ಕಾಗಲದ ಹತ್ತಿರ ಕಬ್ಬಿನ ಟ್ರಕ್ಕುಗಳ ಹಿಂದೆ ಸಿಕ್ಕಿಬಿದ್ದೆವು. “ನೋಡ ಅಕ್ಕಾ, ಮಂದಾತು,” ಅಂದ ಮೆಲ್ಲಗೆ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಡಾಕ್ಟರಮ್ಮ ಎಲ್ಲ ತಪಾಸಣೆ ಮಾಡಿದಳು. ದೈವ ದೊಡ್ಡದು, ನಾಳ ಕಟ್ಟಿರಲಿಲ್ಲ. “ಕಾಕಾ, ಗೋಳ್ಯಾ ಸೋಡಾಯಚ್ಯಾ ನಾಹೀತ!” ಗುಳಿಗೆ ಬಿಡಬಾರದೆಂದು ಅವಳು ಮರಾಠಿಯಲ್ಲಿ ಬೈದ ಬೈಗುಳಕ್ಕೆ ನನ್ನ ಸಿಟ್ಟು ಅರ್ಧವಾದರೂ ತಣಿಯಬೇಕಿತ್ತು. ತಣಿಯಲಿಲ್ಲ. ಹೊರಗೆ ಬಾಕಿನ ಮೇಲೆ ಕೂತೆ.

ಅವನು ಬಂದು ಪಕ್ಕದಲ್ಲಿ ಕೂತ. ನನ್ನ ಕೈ ಎಳೆದು, ಬೆರಳುಗಳನ್ನು ತನ್ನ ಮಣಿಕಟ್ಟಿನ ನಾಡಿಯ ಮೇಲೆ ಇಟ್ಟುಕೊಂಡ. ಹಿಡಿದ ಹಿಡಿತ ಬಿಡಲಿಲ್ಲ. ಆಗ ನನಗೆ ತಿಳಿಯಿತು: ಮಂಚ ಹಿಡಿದ ದಿನದಿಂದಲೂ ಇವನು ಹೆದರಿಯೇ ಇದ್ದ. ನಮಗೆಲ್ಲ ಬರೀ ಹುಚ್ಚಾಟ ಕಂಡಿತ್ತು.

“ಬಂತೇನ ಅಕ್ಕಾ?” ಅಂದ.

ಬೆರಳಿನ ಕೆಳಗೆ ಹರಿಯುತ್ತಿತ್ತು. ಕೂಗಲಿಲ್ಲ; ಅವನ ಕಿವಿಯ ಹತ್ತಿರ ಬಾಗಿ ಹೇಳಿದೆ.

“ಬಂತೋ, ತಮ್ಮಾ. ಬಂತು.”