ಹನಿಯಪ್ಪ, ಹಂಡೆಯಮ್ಮ ಮತ್ತು ಕಟ್ಟಿದ ಗಂಟಲು

ಆ ಮನೆಯಿಂದ ಜಗಳ ಕೇಳಿಸಿದರೆ ಬೀದಿಯಲ್ಲಿ ಯಾರಿಗೋ ಮೈ ಸರಿಯಿಲ್ಲ, ಕೇಳಿಸದಿದ್ದರೆ ಅವರಿಬ್ಬರಿಗೇ ಮೈ ಸರಿಯಿಲ್ಲ ಎಂದು ನೆರೆಹೊರೆಯವರು ಹೇಳುತ್ತಿದ್ದರು. ಗಂಡ ಮೂವತ್ತು ವರ್ಷ ದವಾಖಾನೆಯ ಕಂಪೌಂಡರ್. ಏನನ್ನೇ ಆಗಲಿ ಹನಿ ಲೆಕ್ಕದಲ್ಲಿ ಅಳೆಯುವವರು. ಬೀದಿಯವರ ಬಾಯಲ್ಲಿ ಹನಿಯಪ್ಪ. ಹೆಂಡತಿ ಅಷ್ಟೇ ವರ್ಷ ಹಾಸ್ಟೆಲಿನಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವರು. ಇಬ್ಬರಿಗೆ ಕಾಫಿ ಮಾಡಬೇಕೆಂದರೂ ಕೈ ದೊಡ್ಡ ಪಾತ್ರೆಗೇ ಹೋಗುತ್ತದೆ. ಅವರು ಹಂಡೆಯಮ್ಮ.

ಆವತ್ತು ಮೈ ಸರಿಯಿಲ್ಲದವನು ಹಿಂದಿನ ಕೋಣೆಯ ಬಾಡಿಗೆಯವನು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಸಾರುವುದು ಅವನ ಕೆಲಸ. ಬೇರೆ ಊರಿನ ದೊಡ್ಡ ನಿಲ್ದಾಣಕ್ಕೆ ವರ್ಗವಾಗಿತ್ತು. ಮಧ್ಯಾಹ್ನ ಮೂರಕ್ಕೆ ಅಲ್ಲಿ ಸಾಹೇಬರ ಎದುರು ಮಾತಾಡಿ ತೋರಿಸಬೇಕು. ತಪ್ಪಿದರೆ ಆ ಕುರ್ಚಿ ಇನ್ನೊಬ್ಬರಿಗೆ. ಹೊರಡುವ ದಿನವೇ ಗಂಟಲು ಕಟ್ಟಿ, ಬಾಯಿ ತೆರೆದರೆ ಬರೀ ಗಾಳಿ. ಪೆಟ್ಟಿಗೆ ಬಾಗಿಲ ಬಳಿ ಇಟ್ಟು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ.

ಹನಿಯಪ್ಪ: ಒಂದು ಬಾಟ್ಲಿ ರಸಕ್ಕೆ ನಾಲ್ಕು ಕಿತ್ತಳೆ ಸಾಕು. ನೀನೆಷ್ಟು ಹಿಂಡಿದ್ದೀಯ?

ಹಂಡೆಯಮ್ಮ: ಎಣಿಸಿಲ್ಲ. ಬುಟ್ಟಿ ಖಾಲಿಯಾಯ್ತು, ನಿಲ್ಲಿಸ್ದೆ.

ಹನಿಯಪ್ಪ: ಗಂಟಲು ಕಟ್ಟಿರೋದು ಒಬ್ಬನಿಗೆ ಕಣೇ.

ಹಂಡೆಯಮ್ಮ: ಒಬ್ಬನೇ ಸರಿ, ಎಷ್ಟುದ್ದ ಇದ್ದಾನೆ ನೋಡಿ. ನಿಮ್ಮ ಎರಡು ಹನಿ ಗಂಟಲು ಮುಟ್ಟೋದ್ರೊಳಗೆ ದಾರೀಲೇ ಆರಿಹೋಗುತ್ತೆ.

ಹನಿಯಪ್ಪ ಇಕ್ಕಳದಿಂದ ನಿಂಬೆಯ ಬೀಜಗಳನ್ನು ಒಂದೊಂದಾಗಿ ಎತ್ತಿಟ್ಟು, ತಮ್ಮ ರಸದ ಸೀಸೆಗೆ ಜೇನುತುಪ್ಪವನ್ನು ಹನಿಹನಿಯಾಗಿ ಎಣಿಸಿ ಬಿಡತೊಡಗಿದರು. ಹಂಡೆಯಮ್ಮ ಶುಂಠಿಯನ್ನು ಸಿಪ್ಪೆಸಮೇತ ಜಜ್ಜಿ ತಮ್ಮ ಪಾತ್ರೆಗೆ ಸುರಿದರು.

ಹನಿಯಪ್ಪ: ಹದಿನಾರು, ಹದಿನೇಳು...

ಹಂಡೆಯಮ್ಮ: ರೀ, ಬೆಂಕಿಪೊಟ್ಟಣ ಎಲ್ಲಿ?

ಹನಿಯಪ್ಪ: ಕಿಟಕೀಲಿ. ಹದಿ... ಹೋಯ್ತು ನೋಡು. ಮತ್ತೆ ಮೊದಲಿಂದ ಎಣಿಸಬೇಕು. ಅಲ್ಲ, ಬೆಂಕಿಪೊಟ್ಟಣ ಯಾಕೆ? ಬಿಸಿ ತಾಗಿದ್ರೆ ವಿಟಮಿನ್ ಸತ್ತುಹೋಗುತ್ತೆ.

ಹಂಡೆಯಮ್ಮ: ಇನ್ನೂರು ಮಕ್ಕಳಿಗೆ ಬಿಸಿಬಿಸಿಯಾಗೇ ಕೊಟ್ಟಿದ್ದೀನಿ. ಒಂದು ವಿಟಮಿನ್ನೂ ಬಂದು ದೂರು ಹೇಳಿಲ್ಲ.

ಹನಿಯಪ್ಪ: ಸತ್ತದ್ದು ಹೇಗೆ ಬಂದು ಹೇಳುತ್ತೆ?

ಒಲೆ ಹತ್ತಿತು. ಹನಿಯಪ್ಪ ಜೇಬಿನಿಂದ ಜ್ವರದ ಥರ್ಮಾಮೀಟರ್ ತೆಗೆದು, ಒದರಿ, ಪಾತ್ರೆಗೆ ಅದ್ದಿದರು.

ಹನಿಯಪ್ಪ: ನೂರಾಮೂರು. ವಿಟಮಿನ್ ಒದ್ದಾಡ್ತಾ ಇದೆ.

ಹಂಡೆಯಮ್ಮ: ಹಾಗಾದ್ರೆ ಪಾತ್ರೆ ಹಣೆಗೊಂದು ಒದ್ದೆಬಟ್ಟೆ ಹಾಕಿ. ಅದಿರಲಿ, ಆ ಕಡ್ಡಿ ಕೊನೇಸಲ ಯಾರ ಬಾಯಲ್ಲಿತ್ತು?

ಹನಿಯಪ್ಪ: ಬಾಯಲ್ಲಲ್ಲ. ಎದುರುಮನೆ ಅಜ್ಜನ ಕಂಕುಳಲ್ಲಿ.

ಸ್ಟೂಲಿನ ಮೇಲಿದ್ದವನು ಪಾತ್ರೆಯನ್ನು ನೋಡಿದ, ಗೋಡೆಯ ಗಡಿಯಾರವನ್ನು ನೋಡಿದ. ಹತ್ತು ಗಂಟೆ ಹತ್ತು ನಿಮಿಷ. ಎದ್ದು ನಿಂತು ಗಡಿಯಾರದತ್ತ ಬೆರಳು ತೋರಿಸಿದ.

ಹಂಡೆಯಮ್ಮ: ನೋಡಿದ್ರಾ, ಇನ್ನೂ ಹತ್ತು ನಿಮಿಷ ಕುದೀಲಿ ಅಂತಾನೆ.

ಹನಿಯಪ್ಪ: ಗಂಟೆಗೊಂದು ಡೋಸು ಅಂತಾನೆ. ದವಾಖಾನೆ ಪದ್ಧತಿ ಬಲ್ಲವನು.

ಅವನು ತಲೆಯಲ್ಲಾಡಿಸಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಂತೆ ಗಾಳಿಯಲ್ಲಿ ತಿರುಗಿಸಿದ.

ಹಂಡೆಯಮ್ಮ: ತಿರುವ್ತಾ ಇರಬೇಕಂತೆ, ತಳ ಹಿಡಿಯುತ್ತೆ ಅಂತ. ಅಡುಗೆ ಗೊತ್ತಿರೋ ಹುಡುಗ.

ಹನಿಯಪ್ಪ: ಒಂದ್ಸಲ ಬಲಕ್ಕೆ, ಒಂದ್ಸಲ ಎಡಕ್ಕೆ. ಸೀಸೆ ಅಲ್ಲಾಡಿಸೋ ಕ್ರಮ ಅದು.

ಕೊನೆಗೆ ಅವನು ಹನಿಯಪ್ಪನ ಕಿವಿಯ ಸಂದಿಯಿಂದಲೇ ಪೆನ್ಸಿಲ್ ಎಳೆದು, ಮೇಜಿನ ಮೇಲಿದ್ದ ಕಾಗದದಲ್ಲಿ ಬರೆದ: ಬಸ್ಸು ಹತ್ತೂವರೆಗೆ. ಅದು ಬಿಟ್ಟರೆ ಬೇರೆ ಬಸ್ಸಿಲ್ಲ. ಹನಿಯಪ್ಪನ ಕನ್ನಡಕದ ತುಂಬ ಹಬೆ. ಕಾಗದ ಕಂಡದ್ದೇ ಖುಷಿಯಾಗಿ, ಮಗುಚಿ, ಹಿಂದಿನ ಖಾಲಿ ಮಗ್ಗುಲಿಗೆ ಎಂಟು ಗೀಟೆಳೆದು, ಅಂಚು ಕತ್ತರಿಸಿ ಸೀಸೆಗೆ ಅಂಟಿಸಿಬಿಟ್ಟರು.

ಹನಿಯಪ್ಪ: ಒಂದೊಂದು ಗೀಟಿಗೆ ಒಂದೊಂದು ಡೋಸು. ಗೀಟು ದಾಟಬಾರದು ಕಣಪ್ಪ.

ಹಂಡೆಯಮ್ಮ: ಎರಡು ವರ್ಷ ನಮ್ಮನೇಲಿದ್ದೋನು. ಗೀಟೆಳೆದು ಕಳಿಸ್ತೀರಾ? ತಗೋ ಮಗಾ, ಮುಚ್ಚಳದ ಬಕೆಟ್ ತುಂಬಿಸ್ತೀನಿ. ಹೊಸ ಜಾಗದಲ್ಲಿ ಎಲ್ಲರಿಗೂ ಕೊಡು.

ಹನಿಯಪ್ಪ: ಮೊದಲು ಇಲ್ಲಿ ಕುಡಿದು ಧ್ವನಿ ಬರಲಿ. ಆ ಮಾಡು.

ಹಂಡೆಯಮ್ಮ: ನಂದು ಮೊದಲು. ಆ ಮಾಡು.

ಬಲದಿಂದ ಚಮಚ ಬಂತು, ಎಡದಿಂದ ಸೌಟು ಬಂತು. ತಣ್ಣಗಿನದು ಹೋಯಿತೋ ಬಿಸಿಯದು ಹೋಯಿತೋ, ಎರಡೂ ಒಟ್ಟಿಗೇ ಹೋದವೋ. ಅವನ ಕಣ್ಣಲ್ಲಿ ನೀರು ಬಂತು. ಶುಂಠಿ ಮೂಗಿಗೇರಿತು. ಮುಖ ಕಿತ್ತಳೆಯ ಬಣ್ಣಕ್ಕೆ ತಿರುಗಿತು. ಆಮೇಲೆ, ಪಕ್ಕದ ಮನೆಯ ಕಿಟಕಿ ಅದುರುವಂತೆ, ಅವನ ಬಾಯಿಂದ ಮೈಕಿಲ್ಲದೆಯೇ ಮೈಕಿನ ಧ್ವನಿ ಹೊರಟಿತು.

ಬಾಡಿಗೆಯವನು: ಪ್ರಯಾಣಿಕರ ಗಮನಕ್ಕೆ. ಹತ್ತೂವರೆಯ ಬಸ್ಸು ಇನ್ನು ಏಳು ನಿಮಿಷಗಳಲ್ಲಿ ಮೂಲೆಯ ನಿಲ್ದಾಣಕ್ಕೆ ಬರಲಿದೆ. ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿರುವ ಹಿರಿಯರು ದಯಮಾಡಿ ದಾರಿ ಬಿಡಬೇಕು.

ದಂಪತಿಗಳು ದಾರಿ ಬಿಟ್ಟರು. ಅವನು ಓಡಿದ. ಪೆಟ್ಟಿಗೆ ಮರೆತಿದ್ದಕ್ಕೆ ವಾಪಸು ಬಂದ, ಪೆಟ್ಟಿಗೆ ಹಿಡಿದು ಓಡಿದ. ಕಾಲಿಗೆ ನಮಸ್ಕಾರ ಮಾಡುವುದು ಮರೆತು ಮತ್ತೆ ಬಂದ. ಬಗ್ಗಿ ಏಳುವಷ್ಟರಲ್ಲಿ ಒಂದು ತೋಳು ಹನಿಯಪ್ಪನ ಕೈಯಲ್ಲಿತ್ತು, ಇನ್ನೊಂದು ಹಂಡೆಯಮ್ಮನ ಕೈಯಲ್ಲಿ.

ಹಂಡೆಯಮ್ಮ: ಒಂದೇ ಮಾತು ಮಗಾ. ಯಾರದ್ರಿಂದ ಧ್ವನಿ ಬಂತು, ಹೇಳಿ ಹೋಗು.

ಹನಿಯಪ್ಪ: ಸಂಕೋಚ ಬೇಡ. ಇದ್ದದ್ದು ಇದ್ದ ಹಾಗೆ ಹೇಳು. ಅವಳು ತಡ್ಕೋತಾಳೆ.

ಹಂಡೆಯಮ್ಮ: ಇವರೂ ತಡ್ಕೋತಾರೆ. ಹೇಳು.

ಅವನು ಆ ಮುಖ ನೋಡಿದ, ಈ ಮುಖ ನೋಡಿದ. ಬಾಯಿ ತೆರೆದ. ಗಾಳಿ ಬಂತು. ಗಂಟಲಿನತ್ತ ಬೆರಳು ತೋರಿಸಿ, ತುಂಬ ದುಃಖದಿಂದ ತಲೆಯಾಡಿಸಿ, ಇಬ್ಬರಿಗೂ ಕೈಮುಗಿದು, ಒಂದು ಕೈಗೆ ಪೆಟ್ಟಿಗೆ, ಇನ್ನೊಂದಕ್ಕೆ ಬಕೆಟ್, ಕಂಕುಳಿಗೆ ಸೀಸೆ ಸೇರಿಸಿಕೊಂಡು, ಆ ಹೊಸ್ತಿಲನ್ನು ಕೊನೆಯ ಸಲ ದಾಟಿದ.

ಹನಿಯಪ್ಪ: ಮತ್ತೆ ಕಟ್ಕೊಳ್ತು. ಎಲ್ಲಾ ನಿನ್ನ ಬಿಸಿಯಿಂದ.

ಹಂಡೆಯಮ್ಮ: ನಿಮ್ಮ ತಣ್ಣಗಿನದ್ರಿಂದ. ಅಯ್ಯೋ, ಮೂರು ಗಂಟೆಗೆ ಸಾಹೇಬರ ಮುಂದೆ ಏನು ಮಾಡುತ್ತೆ ಪಾಪ ಅದು?

ಅಷ್ಟರಲ್ಲಿ ಬೀದಿಯ ಮೂಲೆಯಿಂದ ಕೇಳಿಸಿತು. ಎಂಥ ಧ್ವನಿ, ಹಕ್ಕಿಗಳು ತಂತಿ ಬಿಟ್ಟು ಹಾರಿದವು.

– ಡ್ರೈವರ್ರೇ, ನಿಲ್ಸೀ, ನಾನೂ ಬರ್ತೀನೀ...

ಬಸ್ಸು ಕಿರ್ರೆಂದು ನಿಂತಿತು. ಬಾಗಿಲು ಬಡಿಯಿತು. ಬಸ್ಸು ಹೊರಟಿತು. ಇಬ್ಬರೂ ಹೊಸ್ತಿಲ ಮೇಲೆ ಕಿವಿಗೊಟ್ಟು ನಿಂತೇ ಇದ್ದರು.

ಹನಿಯಪ್ಪ: ಕೇಳಿಸ್ತಾ? ಬಿಸಿದಾಗಿದ್ರೆ ಇಷ್ಟೊತ್ತಿಗೆ ಆರಿಹೋಗಿರೋದು.

ಹಂಡೆಯಮ್ಮ: ನಿಮ್ಮ ಚಮಚದ್ದಾಗಿದ್ರೆ ನಮ್ಮ ಬಾಗಿಲ ತನಕವೂ ಬರ್ತಿರಲಿಲ್ಲ.