ಪಿನ್ ಹೊಡೆದ ಎರಡು ಹಾಳೆ

ಈ ಮನೆಯಲ್ಲಿ ದಾಖಲೆ ಅಂತ ಏನಾದರೂ ಇದ್ದರೆ ಅದು ನನ್ನ ಡೈರಿ! ಮಗಳ ಮೊದಲ ಹಲ್ಲು, ಅವಳು ಹಾಲು ಕುಡಿದ ಹೊತ್ತು, ಗಂಡ ಹೇಳಿದ ಸುಳ್ಳು, ನಾಯಿಗೆ ಚುಚ್ಚುಮದ್ದು ಹಾಕಿಸಿದ ತಾರೀಖು, ಎಲ್ಲವೂ ಅದರಲ್ಲಿದೆ. ಆದ್ದರಿಂದ ನಮ್ಮ ದೊರೆ, ಅಂದರೆ ಹನ್ನೆರಡು ವರ್ಷದ ಅರೆಗುರುಡು ನಾಯಿ, ತಪ್ಪಿಸಿಕೊಂಡು ಪ್ರಾಣಿ ಆಶ್ರಯದವರ ಕೈಗೆ ಸಿಕ್ಕಿದೆ ಎಂದು ತಿಳಿದಾಗ ನಾನು ಎದೆಯುಬ್ಬಿಸಿ ಘೋಷಿಸಿದೆ.

“ನೀವು ಸುಮ್ಮನೆ ಜೊತೆಗೆ ಬನ್ನಿ. ಬಿಡಿಸೋ ಕೆಲಸ ನಂದು!”

“ನಾಯಿ ಲೈಸೆನ್ಸ್ ಎಲ್ಲಿ?” ಎಂದರು ಇವರು.

“ನಿಮ್ಮ ಮಗಳು ತಿಂದಳು.”

“ಪೂರ್ತಿನಾ?”

“ಮುದ್ರೆ ಇದ್ದ ಕಡೆ ಮಾತ್ರ.”

ಕಾನೂನು ಸರಳವಾಗಿತ್ತು. ಐದು ದಿನದೊಳಗೆ ಮಾಲೀಕರು ಪುರಾವೆ ತೋರಿಸಿ ಬಿಡಿಸಿಕೊಳ್ಳಬೇಕು. ಆಮೇಲೆ ನಾಯಿ ಆಶ್ರಯದ ಸ್ವತ್ತು. ಯಾರಾದರೂ ಕೇಳಿದರೆ ದತ್ತು, ಕೇಳದಿದ್ದರೆ ಸಾವಿನ ಸೂಜಿ. ಮುದಿ ಅರೆಗುರುಡನನ್ನು ಕೇಳುವವರು ಯಾರು? ನಾಲ್ಕು ದಿನ ಬೀದಿ ಬೀದಿ ಹುಡುಕಿ ನಾವು ಅಲ್ಲಿಗೆ ಮುಟ್ಟಿದಾಗ ಐದನೇ ದಿನ.

ಓಣಿಯುದ್ದಕ್ಕೂ ಫಿನಾಯಿಲ್ ವಾಸನೆ. ಪ್ರತಿ ಗೂಡಿಗೂ ಎಷ್ಟನೇ ದಿನ ಎಂದು ಬರೆದ ಒಂದು ಚೀಟಿ. ದೊರೆಯ ಪಕ್ಕದ ಗೂಡನ್ನು ಒಬ್ಬ ಹೆಂಗಸು ನೀರು ಬಿಟ್ಟು ತೊಳೆಯುತ್ತಿದ್ದಳು. ಅದರ ಚೀಟಿ ನೆಲದ ನೀರಿನಲ್ಲಿ ತೇಲುತ್ತಿತ್ತು. ನನ್ನ ತೋಳಿನಲ್ಲಿದ್ದ ಮಗಳು ಆ ಗೂಡಿನೊಳಗೆ ಇಣುಕಿ “ಬೌ” ಎಂದಳು. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ.

ಅಧಿಕಾರಿಯ ಮೇಜಿನ ಮೇಲೆ ಡೈರಿಯನ್ನು ರಾಜಶಾಸನದಂತೆ ಇಟ್ಟೆ. ಚುಚ್ಚುಮದ್ದು, ಎಡಗಿವಿಯ ಮಚ್ಚೆ, ಕುಂಟುವ ಹಿಂಗಾಲು, ಓದುತ್ತಾ ಓದುತ್ತಾ ಅವರು ತಲೆಯಾಡಿಸಿದರು. ಗೆದ್ದೆ! ಅಷ್ಟರಲ್ಲಿ ಅವರ ಬೆರಳು ನಿಂತಿತು.

“ಇದೇನಮ್ಮಾ, ಎರಡು ಹಾಳೆ ಸೇರಿಸಿ ಪಿನ್ ಹೊಡೆದಿದ್ದೀರಿ?”

“ಅದು... ಹೆಂಗಸರ ವಿಷಯ ಸಾರ್.”

“ಇಪ್ಪತ್ತು ವರ್ಷದ ಸರ್ವಿಸ್ ನಂದು. ಪಿನ್ ಹೊಡೆದದ್ದನ್ನ ಓದದೇ ಬಿಟ್ಟಿಲ್ಲ.”

ಪಿನ್ ಕಿತ್ತು, ಕನ್ನಡಕ ಸರಿಮಾಡಿಕೊಂಡು, ಜೋರಾಗಿಯೇ ಓದಿದರು: “‘ಸೋಮವಾರ. ಮಗಳನ್ನು ಮಲಗಿಸಿದ್ದು ಮೂರು ಸಲ, ದೊರೆ ಬೊಗಳಿ ಎಬ್ಬಿಸಿದ್ದೂ ಮೂರು ಸಲ. ಗೇಟಿನ ಚಿಲಕ ಬೇಕೆಂದೇ ತೆಗೆದಿಟ್ಟೆ. ಹೋದರೆ ಹೋಗಲಿ. ಅಂಚೆಯವನು ತೆಗೆದ ಎಂದು ಇವರಿಗೆ ಹೇಳಿದ್ದೇನೆ.’”

ಇವರು ನಾಲ್ಕು ದಿನದಿಂದ ಅಂಚೆಯವನ ಜೊತೆ ಮಾತು ಬಿಟ್ಟಿದ್ದರು. ಈಗ ನನ್ನ ಕಡೆ ತಿರುಗಿದರು. ಬೈದಿದ್ದರೆ ವಾಸಿಯಿತ್ತು.

“ಬೇಕಂತ ಬಿಟ್ಟವರಿಗೆ ಹಕ್ಕಿಲ್ಲಮ್ಮ. ಚಿಲಕ ತೆಗೆದಾಗಲೇ ಹೋಯ್ತು” ಎಂದರು ಅಧಿಕಾರಿ.

“ಕಾಲು ಗಂಟೇಲಿ ಹುಡುಕೋಕೆ ಓಡಿದೆ ಸಾರ್! ಮಗೂನ ಎತ್ಕೊಂಡು, ಬರಿಗಾಲಲ್ಲಿ!”

“ಅದನ್ನ ಬರೆದಿಲ್ವಲ್ಲ?”

ಬರೆದಿರಲಿಲ್ಲ. ಹುಡುಕುತ್ತಿದ್ದವಳು ಬರೆಯುವುದು ಯಾವಾಗ?

ಇವರು ಗಂಟಲು ಸರಿಮಾಡಿಕೊಂಡರು. “ನಾನು ದತ್ತು ತಗೋಬಹುದಾ ಸಾರ್?”

ಅಧಿಕಾರಿ ಗಡಿಯಾರ ನೋಡಿ, ನಿಟ್ಟುಸಿರು ಬಿಟ್ಟು, ಒಂದು ಅರ್ಜಿ ತೆಗೆದರು. “ನೀವು ತಗೋಬಹುದು. ಆದರೆ ನಾಯೀನ ಹಳೇ ಮಾಲೀಕರ ಸುಪರ್ದಿಗೆ ಬಿಡಬಾರದು. ತಿಂಗಳಿಗೊಮ್ಮೆ ಬಂದು ನೋಡ್ತೀವಿ.”

ಗಂಡ ಸಹಿ ಹಾಕಿದರು. ಹಳೇ ಮಾಲೀಕರ ಹೆಸರನ್ನು ಎಷ್ಟು ದುಂಡಗೆ ಬರೆದರೆಂದರೆ, ಮದುವೆಯಾದ ಮೇಲೆ ನನ್ನ ಹೆಸರನ್ನು ಅವರು ಅಷ್ಟು ಚೆನ್ನಾಗಿ ಬರೆದದ್ದೇ ಇಲ್ಲ!

ದೊರೆ ಹೊರಗೆ ಬಂದ. ಹೊಸ ಮಾಲೀಕರನ್ನು ಹಗ್ಗದ ಸಮೇತ ಎಳೆದುಕೊಂಡು ನೇರವಾಗಿ ಬಂದು, ನನ್ನ ಪಾದದ ಮೇಲೆ ಮೂತಿಯಿಟ್ಟು ಮಲಗಿಬಿಟ್ಟ. ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡೆ.

“ಮುಟ್ಟಬಹುದಾ ಸಾರ್?”

ಕೇಳಿದ್ದು ಅಧಿಕಾರಿಯನ್ನು. ಉತ್ತರ ಕೊಟ್ಟಿದ್ದು ಗಂಡ.

“ನನ್ನ ನಾಯೀನ ಮುಟ್ಟು. ಗೇಟಿನ ಚಿಲಕ ಮಾತ್ರ ಮುಟ್ಟಬೇಡ!”